ಪಾರ್ಮಿಜಾನೊ, ಮೊಝರೆಲ್ಲಾ, ರಿಕೊಟ್ಟಾ: ಯಾವ ಇಟಾಲಿಯನ್ ಚೀಸ್ ಯಾವುದಕ್ಕೆ, ಯಾರಿಗೆ, ಎಷ್ಟು?

ಇಟಲಿಯ ಚೀಸ್‌ಗಳಲ್ಲಿ ಯಾವುದು ಆರೋಗ್ಯಕ್ಕೆ ಒಳ್ಳೇದು ಅಂತ ತುಂಬಾ ಜನ ಕೇಳುತ್ತಾರೆ. ಪ್ಯಾಕೆಟ್ ತಿರುಗಿಸಿ ನೋಡಿದರೆ ಉತ್ತರ ಸುಲಭ ಅನ್ನಿಸುತ್ತದೆ. 100 ಗ್ರಾಂ ಪಾರ್ಮಿಜಾನೊದಲ್ಲಿ ಸುಮಾರು 400 ಕ್ಯಾಲೊರಿ, ಅಷ್ಟೇ ತೂಕದ ರಿಕೊಟ್ಟಾದಲ್ಲಿ 150. ಹಾಗಾದರೆ ರಿಕೊಟ್ಟಾನೇ ವಾಸಿ, ಅಲ್ವಾ? ಅಷ್ಟು ಬೇಗ ತೀರ್ಮಾನಕ್ಕೆ ಬರಬೇಡಿ. ಪಾರ್ಮಿಜಾನೊವನ್ನು 100 ಗ್ರಾಂ ಒಂದೇ ಸಲ ಯಾರೂ ತಿನ್ನುವುದಿಲ್ಲ. ಪಾಸ್ತಾ ಮೇಲೆ ತುರಿದು ಉದುರಿಸುವುದು ಹತ್ತು ಗ್ರಾಂ ಇದ್ದರೆ ಹೆಚ್ಚು. ರಿಕೊಟ್ಟಾ ಆದರೆ ಒಂದು ಬಟ್ಟಲು ಸಲೀಸಾಗಿ ಹೊಟ್ಟೆಗಿಳಿಯುತ್ತದೆ.

ಪ್ಯಾಕೆಟ್ ಮೇಲಿನ ಅಂಕಿಗಳನ್ನು ನಿರ್ಧರಿಸುವುದು ಚೀಸ್ ಮಾಡುವ ರೀತಿ. ಹಾಲಿನ ನೀರು ಎಷ್ಟು ಹೊರಹೋಯಿತು, ಕೆನೆ ತೆಗೆದರೋ ಸೇರಿಸಿದರೋ, ಎಷ್ಟು ತಿಂಗಳು ಕೂರಿಸಿದರು, ಉಪ್ಪು ಹೇಗೆ ಹಿಡಿಸಿದರು ಅನ್ನುವುದು ಗೊತ್ತಾದರೆ ಪೋಷಕಾಂಶದ ಲೆಕ್ಕ ಅರ್ಧ ಗೊತ್ತಾದ ಹಾಗೆಯೇ. ಹಾಗಾಗಿ ಇಲ್ಲಿ ತಯಾರಿಕೆ ಮತ್ತು ಆಯ್ಕೆ ಎರಡನ್ನೂ ಒಟ್ಟಿಗೇ ನೋಡೋಣ.

ಸಸ್ಯಾಹಾರಿಗಳಾದರೆ ಮೊದಲು ಇದನ್ನು ಓದಿ

ಹಾಲನ್ನು ಗಟ್ಟಿ ಮಾಡಲು ಮುಖ್ಯವಾಗಿ ಎರಡು ದಾರಿ. ಒಂದು, ಹುಳಿ. ಪನೀರ್ ಮಾಡುವಾಗ ನಿಂಬೆರಸ ಹಿಂಡುತ್ತೇವಲ್ಲ, ಅದು. ಇನ್ನೊಂದು, ರೆನೆಟ್ ಎಂಬ ಕಿಣ್ವ. ಸಾಂಪ್ರದಾಯಿಕ ರೆನೆಟ್ ಬರುವುದು ಹಾಲು ಕುಡಿಯುವ ಎಳೆ ಕರುವಿನ ನಾಲ್ಕನೇ ಹೊಟ್ಟೆಯಿಂದ. ಕರುವನ್ನು ಕಡಿದ ಮೇಲೆಯೇ ಅದು ಸಿಗುವುದು.

ಪಾರ್ಮಿಜಾನೊ ರೆಜ್ಜಾನೊ, ಗ್ರಾನಾ ಪದಾನೊ, ಕಂಪಾನಿಯಾದ ಎಮ್ಮೆ ಹಾಲಿನ ಮೊಝರೆಲ್ಲಾ, ಈ ಮೂರಕ್ಕೂ ಕರುವಿನ ರೆನೆಟ್ಟೇ ಬೇಕು ಅನ್ನುವುದು ನಿಯಮ. ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್. ಇವೆಲ್ಲ ಯುರೋಪಿನ ‘ಡಿಒಪಿ’ ಮುದ್ರೆ ಇರುವ ಚೀಸ್‌ಗಳು. ನಮ್ಮ ಜಿಐ ಟ್ಯಾಗ್ ಥರದ ಮುದ್ರೆ ಅದು, ಆದರೆ ಇನ್ನೂ ಬಿಗಿ. ಎಲ್ಲಿ ಮಾಡಬೇಕು, ಹೇಗೆ ಮಾಡಬೇಕು ಅನ್ನುವುದನ್ನು ಕಾನೂನೇ ಹೇಳುತ್ತದೆ. ಅಂದರೆ ಈ ನಾಲ್ಕು ಹೆಸರುಗಳ ವಿಷಯದಲ್ಲಿ, ಚೀಸ್ ಅಸಲಿಯಾದಷ್ಟೂ ಸಸ್ಯಾಹಾರಿಗಳಿಗೆ ದೂರ. ಹೋಟೆಲ್ ಮೆನುವಿನಲ್ಲಿ ‘ವೆಜ್ ಪಾಸ್ತಾ’ ಅಂತ ಇದ್ದು, ಮೇಲೆ ಅಸಲಿ ಪಾರ್ಮಿಜಾನೊ ತುರಿದಿದ್ದರೆ ಅದು ಕಟ್ಟುನಿಟ್ಟಾಗಿ ವೆಜ್ ಅಲ್ಲ. ಕೇಳಲು ಸಂಕೋಚ ಬೇಡ.

ಗ್ರಾನಾ ಪದಾನೊದಲ್ಲಿ ಇನ್ನೊಂದು ತೊಡಕಿದೆ. ಅದಕ್ಕೆ ಲೈಸೊಜೈಮ್ ಎಂಬ ಪದಾರ್ಥ ಹಾಕಲು ಅನುಮತಿ ಇದೆ, ಅದನ್ನು ತೆಗೆಯುವುದು ಮೊಟ್ಟೆಯ ಬಿಳಿಯಿಂದ. ಮೊಟ್ಟೆ ಅಲರ್ಜಿ ಇರುವವರು ಲೇಬಲ್ ಓದಲೇಬೇಕು.

ಹಾಗಾದರೆ ಸಸ್ಯಾಹಾರಿಗಳಿಗೆ ಏನುಳಿಯಿತು? ಸಾಕಷ್ಟು ಉಳಿದಿದೆ. ಒಂದು ಬಗೆಯ ಬೂಷ್ಟಿನಿಂದ ತೆಗೆಯುವ ಮೈಕ್ರೋಬಿಯಲ್ ರೆನೆಟ್ ಇದೆ. ಕರುವಿನ ಕಿಣ್ವವನ್ನೇ ಸೂಕ್ಷ್ಮಜೀವಿಗಳ ಕೈಯಲ್ಲಿ ತಯಾರಿಸುವ ವಿಧಾನಕ್ಕೆ ಅಮೆರಿಕ 1990ರಲ್ಲೇ ಒಪ್ಪಿಗೆ ಕೊಟ್ಟಿತು, ಈಗ ಜಗತ್ತಿನ ಎಷ್ಟೋ ಚೀಸ್ ಅದರಿಂದಲೇ ಆಗುತ್ತದೆ. ಇಟಲಿಯಲ್ಲೂ ಕೆಲವರು ಕಾಡು ಮುಳ್ಳುಗಿಡದ ಹೂವಿನ ರಸದಿಂದ ಕುರಿ ಹಾಲು ಹೆಪ್ಪುಗಟ್ಟಿಸುತ್ತಾರೆ. ಅಲ್ಲಿಗೆ ಹೋದಾಗ ಲೇಬಲ್‌ನಲ್ಲಿ ‘ಕಾಲ್ಯೊ ವೆಜೆತಾಲೆ’ ಅಥವಾ ‘ಮಿಕ್ರೋಬಿಕೊ’ ಅಂತ ಹುಡುಕಿ. ಬರೀ ‘ಕಾಲ್ಯೊ’ ಅಂತಿದ್ದರೆ ಪ್ರಾಣಿಯದು ಅಂತಲೇ ತಿಳಿಯುವುದು ಕ್ಷೇಮ. ಭಾರತದಲ್ಲಿ ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ಸಾಕು.

ಗಟ್ಟಿ ಚೀಸ್‌ಗಳು: ಪಾರ್ಮಿಜಾನೊ ಯಾಕಷ್ಟು ದುಬಾರಿ

ಪಾರ್ಮಿಜಾನೊ ರೆಜ್ಜಾನೊ ಮಾಡಲು ಜಾಗವೇ ಸೀಮಿತ. ಪಾರ್ಮಾ, ರೆಜ್ಜೊ ಎಮಿಲಿಯಾ, ಮೊದೆನಾ, ಜೊತೆಗೆ ಬೊಲೊನ್ಯಾ ಮತ್ತು ಮಂತೊವಾ ಪ್ರಾಂತ್ಯಗಳ ಒಂದಿಷ್ಟು ಭಾಗ. ಅಷ್ಟೇ.

ಸಂಜೆ ಕರೆದ ಹಾಲನ್ನು ರಾತ್ರಿಯಿಡೀ ಅಗಲ ತೊಟ್ಟಿಗಳಲ್ಲಿ ಬಿಡುತ್ತಾರೆ. ಮೇಲೆ ಬಂದ ಕೆನೆ ಬೆಣ್ಣೆಗೆ ಹೋಗುತ್ತದೆ. ಉಳಿದ ಹಾಲಿಗೆ ಬೆಳಗಿನ ಪೂರ್ತಿ ಹಾಲು ಸೇರಿಸಿ, ಗಂಟೆಯಾಕಾರದ ದೊಡ್ಡ ತಾಮ್ರದ ಕಡಾಯಿಗೆ ಸುರಿಯುತ್ತಾರೆ. ಹಾಲನ್ನು ಪಾಶ್ಚರೀಕರಿಸುವುದಿಲ್ಲ. ಹಿಂದಿನ ದಿನದ ಚೀಸ್ ಮಾಡಿದಾಗ ಉಳಿದ ತಿಳಿನೀರನ್ನು ಹುಳಿ ಬರಿಸಿ ಎತ್ತಿಟ್ಟು, ಇವತ್ತಿನ ಹಾಲಿಗೆ ಬೆರೆಸುತ್ತಾರೆ. ನಾವು ನಿನ್ನೆಯ ಮೊಸರಿನಿಂದ ಇವತ್ತಿಗೆ ಹೆಪ್ಪು ಹಾಕುವ ಹಾಗೆ. ಆ ಬ್ಯಾಕ್ಟೀರಿಯಾ ಆ ಊರಿನದೇ, ಆ ಡೈರಿಯದೇ.

ಆಮೇಲೆ ರೆನೆಟ್. ಕೆಲವೇ ನಿಮಿಷಗಳಲ್ಲಿ ಹಾಲು ಗಟ್ಟಿಯಾಗುತ್ತದೆ. ಅದನ್ನು ದೊಡ್ಡ ತಂತಿ ಕಡಗೋಲಿನಂಥ ಸಾಧನದಿಂದ ಗೋಧಿಕಾಳಿನಷ್ಟು ಸಣ್ಣಗೆ ಒಡೆಯುತ್ತಾರೆ. ನಂತರ 55 ಡಿಗ್ರಿವರೆಗೆ ಕಾಯಿಸುತ್ತಾರೆ. ಸಣ್ಣ ಕಾಳು, ಜೊತೆಗೆ ಬಿಸಿ, ಎರಡೂ ಸೇರಿ ನೀರನ್ನು ಹಿಂಡಿ ತೆಗೆಯುತ್ತವೆ. ಕಾಳುಗಳು ತಳಕ್ಕೆ ಕೂತು ಒಂದೇ ಮುದ್ದೆಯಾಗುತ್ತವೆ. ಬಟ್ಟೆಯಲ್ಲಿ ಎತ್ತಿ, ಎರಡು ಭಾಗ ಮಾಡಿ, ಒಂದು ಕಡಾಯಿಯಿಂದ ಎರಡು ಚಕ್ರ ತೆಗೆಯುತ್ತಾರೆ. ಒಂದೊಂದಕ್ಕೂ ಸುಮಾರು 550 ಲೀಟರ್ ಹಾಲು ಬೇಕು. ಕೈಗೆ ಬರುವುದು ಸುಮಾರು 40 ಕಿಲೊ. ಹೆಚ್ಚು ಕಡಿಮೆ ಕಿಲೊಗೆ 14 ಲೀಟರ್.

ಮೂರು ವಾರದ ಹತ್ತಿರ ಉಪ್ಪುನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಮರದ ಹಲಗೆ ಮೇಲೆ ಕನಿಷ್ಠ 12 ತಿಂಗಳು ಇಡಬೇಕು. 24, 36 ತಿಂಗಳು ಇಡುವುದೂ ಸಾಮಾನ್ಯ. ವರ್ಷ ತುಂಬಿದಾಗ ಪರೀಕ್ಷಕರು ಸಣ್ಣ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ ಒಳಗೆ ಬಿರುಕು, ಟೊಳ್ಳು ಇದೆಯಾ ಅಂತ ಹೇಳುತ್ತಾರೆ. ಫೇಲಾದ ಚಕ್ರದ ಸಿಪ್ಪೆ ಮೇಲಿನ ಹೆಸರನ್ನು ಕೆರೆದು ಅಳಿಸಿಬಿಡುತ್ತಾರೆ. ಕೂತಿರುವ ಚೀಸ್ ಅಂದರೆ ಕೂತಿರುವ ದುಡ್ಡು. ಅಲ್ಲಿನ ಕ್ರೆದಿತೊ ಎಮಿಲಿಯಾನೊ ಎಂಬ ಬ್ಯಾಂಕು ಈ ಚಕ್ರಗಳನ್ನು ಅಡ ಇಟ್ಟುಕೊಂಡು ಡೈರಿಗಳಿಗೆ ಸಾಲ ಕೊಡುತ್ತದೆ. ಬ್ಯಾಂಕಿನ ಉಗ್ರಾಣದಲ್ಲೇ ಚೀಸ್ ಮಾಗುತ್ತಿರುತ್ತದೆ!

ಈಗ ಇದರಿಂದ ನಮ್ಮ ತಟ್ಟೆಗೆ ಏನು ಬಂತು ನೋಡಿ. 14 ಲೀಟರ್ ಹಾಲಿನ ಪ್ರೋಟೀನು, ಕ್ಯಾಲ್ಸಿಯಂನ ಬಹುಪಾಲು ಒಂದು ಕಿಲೊದಲ್ಲಿ ಸೇರಿದೆ. 100 ಗ್ರಾಂಗೆ ಸುಮಾರು 32 ಗ್ರಾಂ ಪ್ರೋಟೀನು, 1,150 ಮಿಲಿಗ್ರಾಂ ಕ್ಯಾಲ್ಸಿಯಂ. ಕೆನೆ ಒಂದಿಷ್ಟು ತೆಗೆದಿದ್ದರೂ ನೀರು ಹೋಗಿ ಗಟ್ಟಿಯಾಗಿರುವುದರಿಂದ ಕೊಬ್ಬು 30 ಗ್ರಾಂನಷ್ಟಿದೆ, ಅದರಲ್ಲಿ ಮೂರನೇ ಎರಡು ಭಾಗ ಸ್ಯಾಚುರೇಟೆಡ್. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್‌ನಲ್ಲಿ ಒಂದು ಪಾಲು ತಿಳಿನೀರಿನ ಜೊತೆ ಹೋಯಿತು. ಉಳಿದದ್ದನ್ನು ಬ್ಯಾಕ್ಟೀರಿಯಾ ಮೊದಲ ಕೆಲವು ದಿನಗಳಲ್ಲೇ ತಿಂದು ಮುಗಿಸಿತು. ಹಾಗಾಗಿ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೂ ಇದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ತಿಂಗಳುಗಟ್ಟಲೆ ಮಾಗುವಾಗ ಪ್ರೋಟೀನು ಸಣ್ಣ ತುಣುಕುಗಳಾಗಿ, ಅಮೈನೊ ಆಮ್ಲಗಳಾಗಿ ಒಡೆಯುತ್ತದೆ. ಆ ನಾಲಿಗೆ ಹಿಡಿಯುವ ರುಚಿ ಗ್ಲುಟಮೇಟ್‌ನದು. ಕಚ್ಚಿದಾಗ ಕರಕರ ಅನ್ನುವ ಬಿಳಿ ಚುಕ್ಕೆಗಳು ಉಪ್ಪಲ್ಲ, ಟೈರೋಸಿನ್ ಎಂಬ ಅಮೈನೊ ಆಮ್ಲದ ಹರಳು.

ಗ್ರಾನಾ ಪದಾನೊ ನೋಡಲು ಇದರ ತಮ್ಮನ ಹಾಗಿದೆ. ಪೋಷಕಾಂಶದಲ್ಲಿ ಇಬ್ಬರಿಗೂ ಹೇಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಹಸುವಿನ ಮೇವಿನಲ್ಲಿ. ಪಾರ್ಮಿಜಾನೊ ಹಸುಗಳಿಗೆ ಸೈಲೇಜ್, ಅಂದರೆ ಗುಂಡಿಯಲ್ಲಿ ಹುಳಿ ಬರಿಸಿದ ಮೇವು, ನಿಷಿದ್ಧ. ಒಣಹುಲ್ಲು, ಹಸಿಹುಲ್ಲು ಹಾಕುತ್ತಾರೆ. ಯಾಕೆಂದರೆ ಸೈಲೇಜ್‌ನಿಂದ ಹಾಲಿಗೆ ಬರುವ ಕೆಲವು ಬ್ಯಾಕ್ಟೀರಿಯಾ ತಿಂಗಳುಗಳ ನಂತರ ಗ್ಯಾಸ್ ಮಾಡಿ ಚೀಸನ್ನು ಒಳಗಿಂದ ಸೀಳುತ್ತದೆ. ಗ್ರಾನಾದವರಿಗೆ ಸೈಲೇಜ್ ಬಳಸಲು ಅವಕಾಶ ಇದೆ, ಆ ಬ್ಯಾಕ್ಟೀರಿಯಾ ತಡೆಯಲಿಕ್ಕೇ ಮೇಲೆ ಹೇಳಿದ ಲೈಸೊಜೈಮ್. ಟ್ರೆಂಟೊ ಬೆಟ್ಟ ಸೀಮೆಯ ಗ್ರಾನಾ ಮಾತ್ರ ಇದಕ್ಕೆ ಹೊರತು. ಅಲ್ಲಿ ಸೈಲೇಜೂ ಇಲ್ಲ, ಲೈಸೊಜೈಮೂ ಇಲ್ಲ. ಗ್ರಾನಾ 9 ತಿಂಗಳಿಗೇ ಮಾರಾಟಕ್ಕೆ ಬರಬಹುದು, ಪೋ ನದಿ ಬಯಲಿನ ದೊಡ್ಡ ಪ್ರದೇಶದಲ್ಲಿ ತಯಾರಾಗುತ್ತದೆ, ಹಾಗಾಗಿ ಅಗ್ಗ. ಸಾಸ್‌ಗೆ, ಸೂಪಿಗೆ, ರಿಸೊಟ್ಟೊಗೆ ಬೆರೆಸಲು ಪಾರ್ಮಿಜಾನೊ ಕೊಳ್ಳುವುದು ನನ್ನ ಪ್ರಕಾರ ಸುಮ್ನೆ ದುಡ್ಡು ದಂಡ. ಗ್ರಾನಾ ಸಾಕು. ಚೂರು ಮುರಿದು ಹಾಗೇ ತಿನ್ನುವುದಾದರೆ ಪಾರ್ಮಿಜಾನೊ.

ಪೆಕೊರಿನೊ ರೊಮಾನೊ ಬೇರೆಯೇ ದಾರಿ. ಕುರಿ ಹಾಲಿನದು. ಹೆಸರಲ್ಲಿ ರೋಮ್ ಇದ್ದರೂ ಹೆಚ್ಚಿನ ಪಾಲು ತಯಾರಾಗುವುದು ಸಾರ್ಡಿನಿಯಾ ದ್ವೀಪದಲ್ಲಿ. ಉಪ್ಪನ್ನು ಕೈಯಿಂದಲೇ ಮೇಲೆ ತಿಕ್ಕಿ ಹಿಡಿಸುವ ಪದ್ಧತಿ ಇನ್ನೂ ಇದೆ. ಪರಿಣಾಮ, ಪಾರ್ಮಿಜಾನೊಗಿಂತ ಎರಡು ಪಟ್ಟು, ಕೆಲವು ಸಲ ಅದಕ್ಕಿಂತ ಜಾಸ್ತಿ ಉಪ್ಪು. ಬಿಪಿ ಇರುವವರಿಗೆ ಇದು ಬೇಡ ಅಂತ ನಾನಂತೂ ನೇರವಾಗಿ ಹೇಳುತ್ತೇನೆ. ಬಳಸಿದರೂ ಪಾಸ್ತಾ ಬೇಯಿಸುವ ನೀರಿಗೆ ಉಪ್ಪು ಕಡಿಮೆ ಮಾಡಿ. ಆದರೆ ರೋಮ್‌ನ ಕಾಚೊ ಎ ಪೇಪೆ ಮಾಡಬೇಕೆಂದರೆ ಇದೇ ಬೇಕು. ಆ ತಿಂಡಿಯಲ್ಲಿ ಇರುವುದೇ ಪಾಸ್ತಾ, ಕರಿಮೆಣಸು, ಪೆಕೊರಿನೊ. ಚೀಸ್ ಬದಲಾಯಿಸಿದರೆ ತಿಂಡಿಯೇ ಬದಲಾಗುತ್ತದೆ.

ಮೊಝರೆಲ್ಲಾ: ಎಳೆಯುವಾಗ ಏನು ಕಳೆದುಹೋಗುತ್ತದೆ

ಮೊಝರೆಲ್ಲಾಗೆ ಕಾಯುವ ತಾಳ್ಮೆ ಬೇಡ, ಸಮಯದ ಅಂದಾಜು ಬೇಕು. ರೆನೆಟ್ ಹಾಕಿ ಗಟ್ಟಿಯಾದ ಹಾಲನ್ನು ದಪ್ಪ ತುಂಡು ಮಾಡಿ, ತಿಳಿನೀರಿನಲ್ಲೇ ಕೆಲವು ಗಂಟೆ ಬಿಡುತ್ತಾರೆ. ಹುಳಿ ಏರುತ್ತಾ ಹೋಗುತ್ತದೆ. ಸರಿಯಾದ ಹದಕ್ಕೆ ಬಂತಾ ಅಂತ ನೋಡಲು ಒಂದು ತುಣುಕನ್ನು ಬಿಸಿನೀರಿಗೆ ಹಾಕಿ ಎಳೆಯುತ್ತಾರೆ. ತುಂಡಾಗದೆ ದಾರದಂತೆ ಎಳೆದುಕೊಂಡರೆ ಸರಿ. ಆಗ ಪೂರ್ತಿ ಗಟ್ಟಿಯನ್ನು ಹೆಚ್ಚಿ, ಕುದಿಯುವುದಕ್ಕೆ ಸ್ವಲ್ಪ ಮುಂಚಿನಷ್ಟು ಬಿಸಿ ನೀರು ಸುರಿದು, ನಾದಿ, ಎಳೆದು, ಹೆಬ್ಬೆರಳು ತೋರುಬೆರಳ ನಡುವೆ ಹಿಚುಕಿ ಉಂಡೆ ಕಡಿಯುತ್ತಾರೆ.

ಈ ಹುಳಿಯೇ ಮೊಝರೆಲ್ಲಾದ ಗುಟ್ಟು. ಪ್ರೋಟೀನನ್ನು ಬಿಗಿಯಾಗಿ ಹಿಡಿದಿಟ್ಟಿದ್ದ ಕ್ಯಾಲ್ಸಿಯಂನ ಒಂದು ಭಾಗ ಹುಳಿಗೆ ಕರಗಿ ತಿಳಿನೀರಿಗೆ ಹೋಗುತ್ತದೆ. ಬಿಗಿ ಸಡಿಲವಾಯಿತು, ಆದ್ದರಿಂದ ಎಳೆದರೆ ಎಳೆ ಬರುತ್ತದೆ. ಪಿಜ್ಜಾ ಮೇಲೆ ದಾರ ದಾರವಾಗಿ ಬರುವ ಚೀಸಿಗೆ ತೆತ್ತ ಬೆಲೆ ಕ್ಯಾಲ್ಸಿಯಂ. ಜೊತೆಗೆ ಅರ್ಧಕ್ಕಿಂತ ಹೆಚ್ಚು ನೀರು ಉಳಿದಿರುತ್ತದೆ. ಹಾಗಾಗಿ 100 ಗ್ರಾಂಗೆ ಕ್ಯಾಲ್ಸಿಯಂ ಪಾರ್ಮಿಜಾನೊದ ಐದನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ.

ಎಮ್ಮೆಯದೋ ಹಸುವಿನದೋ? ಇಟಲಿಯಲ್ಲಿ ಎಮ್ಮೆಯದಕ್ಕೆ ‘ಬೂಫಲಾ’, ಹಸುವಿನದಕ್ಕೆ ‘ಫಿಯೋರ್ ದಿ ಲಾತ್ತೆ’ ಎನ್ನುತ್ತಾರೆ. ಬೂಫಲಾದ ತವರು ನೇಪಲ್ಸ್ ಸುತ್ತಲ ಕಸೆರ್ತಾ, ಸಲೆರ್ನೊ ಸೀಮೆ. ಎಮ್ಮೆ ಹಾಲಿನಲ್ಲಿ ಕೊಬ್ಬು ಜಾಸ್ತಿ ಅನ್ನುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಚ್ಚ ಬಿಳುಪು ಬಣ್ಣ, ಕತ್ತರಿಸಿದರೆ ಹಾಲು ಒಸರುತ್ತದೆ. ಹಾಗೇ ತಿನ್ನಲು, ಟೊಮೆಟೊ, ತುಳಸಿ ಜಾತಿಯ ಬೇಸಿಲ್ ಎಲೆ ಜೊತೆ ಕಪ್ರೇಸೆ ಸಲಾಡ್ ಮಾಡಲು ಬೂಫಲಾ. ಬೇಯಿಸಲು ಫಿಯೋರ್ ದಿ ಲಾತ್ತೆ. ಬೂಫಲಾವನ್ನು ಮನೆಯ ಓವನ್ನಿನಲ್ಲಿ ಪಿಜ್ಜಾಕ್ಕೆ ಹಾಕಿದರೆ ನೀರು ಬಿಟ್ಟು ರೊಟ್ಟಿಯೆಲ್ಲ ಮೆತ್ತಗಾಗುತ್ತದೆ. ಹಾಕಲೇಬೇಕೆಂದರೆ ಹೆಚ್ಚಿ, ಜರಡಿಯಲ್ಲಿ ಒಂದೆರಡು ಗಂಟೆ ಸೋರಲು ಬಿಡಿ.

ನಮ್ಮ ಅಂಗಡಿಗಳಲ್ಲಿ ‘ಮೊಝರೆಲ್ಲಾ’ ಅಂತ ಬ್ಲಾಕ್ ಆಗಿ, ತುರಿದು ಸಿಗುವುದು ಇವೆರಡೂ ಅಲ್ಲ. ಅದು ನೀರಂಶ ಕಡಿಮೆ ಮಾಡಿದ ಚೀಸ್, ಅಮೆರಿಕದ ಪಿಜ್ಜಾ ಉದ್ಯಮ ಬೆಳೆಸಿದ ರೂಪ. ಕೀಳೇನಲ್ಲ. ನೀರು ಕಡಿಮೆ ಇರುವುದರಿಂದ ಪ್ರೋಟೀನು, ಕ್ಯಾಲ್ಸಿಯಂ ಎರಡೂ ತಾಜಾ ಉಂಡೆಗಿಂತ ಜಾಸ್ತಿ, ಉಪ್ಪೂ ಜಾಸ್ತಿ. ಎಚ್ಚರ ಬೇಕಿರುವುದು ‘ಅನಲಾಗ್’ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುವ ಪ್ಯಾಕೆಟ್ ಬಗ್ಗೆ. ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಇರುತ್ತದೆ.

ಬುರಾಟಾ ಬಗ್ಗೆ ಎರಡೇ ಮಾತು. ಪುಲಿಯಾದ ಆಂದ್ರಿಯಾ ಊರಿನಲ್ಲಿ 20ನೇ ಶತಮಾನದ ಮೊದಲ ಭಾಗದಲ್ಲಿ ಹುಟ್ಟಿದ್ದು. ಮೊಝರೆಲ್ಲಾದ ಚೀಲದೊಳಗೆ ಚೀಸ್ ಎಳೆ ಮತ್ತು ಕೆನೆ ತುಂಬಿ ಕಟ್ಟುತ್ತಾರೆ. ಕೆನೆ ಸೇರಿದೆ ಅಂದಮೇಲೆ ಪೋಷಕಾಂಶದ ಲೆಕ್ಕ ಬೇಡ, ಖುಷಿಗೆ ತಿನ್ನಿ.

ರಿಕೊಟ್ಟಾ ಮತ್ತು ಮಸ್ಕರ್ಪೋನೆ

ನೋಡಲು ಎರಡೂ ಬೆಳ್ಳಗೆ, ಮೆತ್ತಗೆ. ಒಂದರ ಬದಲು ಇನ್ನೊಂದು ಹಾಕಬಹುದು ಅಂತ ಎಷ್ಟೋ ಅಡುಗೆ ವಿಡಿಯೊಗಳಲ್ಲಿ ಹೇಳುತ್ತಾರೆ. ಕ್ಯಾಲೊರಿ ನೋಡಿದರೆ ಮಸ್ಕರ್ಪೋನೆ ರಿಕೊಟ್ಟಾದ ಮೂರು ಪಟ್ಟು.

ರಿಕೊಟ್ಟಾ ಆಗುವುದು ಚೀಸ್ ಮಾಡಿ ಉಳಿದ ತಿಳಿನೀರಿನಿಂದ. ರೆನೆಟ್‌ಗೆ ಸಿಗದೆ ತಪ್ಪಿಸಿಕೊಂಡ ಪ್ರೋಟೀನು ಅದರಲ್ಲಿ ಕರಗಿರುತ್ತದೆ. ಜಿಮ್‌ಗೆ ಹೋಗುವವರು ಡಬ್ಬಿಯಲ್ಲಿ ಕೊಳ್ಳುವ ವ್ಹೇ ಪ್ರೋಟೀನು ಇದೇ. ಆ ನೀರನ್ನು 80ರಿಂದ 90 ಡಿಗ್ರಿಗೆ ಕಾಯಿಸಿ, ಸ್ವಲ್ಪ ಹುಳಿ ಮುಟ್ಟಿಸಿದರೆ ಬಿಳಿ ಚೂರುಗಳು ತೇಲಿ ಬರುತ್ತವೆ. ಅದನ್ನು ಬುಟ್ಟಿಗೆ ಬಳಿದರೆ ರಿಕೊಟ್ಟಾ. ಕೊಬ್ಬು 100 ಗ್ರಾಂಗೆ ಹನ್ನೊಂದರ ಸುಮಾರು, ಪ್ರೋಟೀನು ಒಂಬತ್ತು. ಉಪ್ಪು ತೀರಾ ಕಡಿಮೆ. ಆದರೆ ಲ್ಯಾಕ್ಟೋಸ್ ಉಳಿದಿರುತ್ತದೆ. ಹಾಲು ಆಗದವರಿಗೆ ಗಟ್ಟಿ ಚೀಸ್ ಆದೀತು, ರಿಕೊಟ್ಟಾ ಆಗಲಿಕ್ಕಿಲ್ಲ. ಸಸ್ಯಾಹಾರಿಗಳಿಗೆ ಒಂದು ಸೂಕ್ಷ್ಮ: ರಿಕೊಟ್ಟಾಗೆ ಬೇರೆ ರೆನೆಟ್ ಹಾಕುವುದಿಲ್ಲ, ಆದರೆ ಅದರ ಮೂಲವಾದ ತಿಳಿನೀರು ರೆನೆಟ್ ಹಾಕಿದ ಹಾಲಿನದು.

ಮನೆಯಲ್ಲಿ ಪನೀರ್ ಮಾಡಿ ಉಳಿದ ನೀರಿನಿಂದ ರಿಕೊಟ್ಟಾ ತೆಗೆಯಬಹುದಾ ಅಂತ ಕೇಳುವವರಿದ್ದಾರೆ. ಹೆಚ್ಚೇನೂ ಬರುವುದಿಲ್ಲ. ಪನೀರಿಗೆ ಹಾಲನ್ನು ಕುದಿಸಿರುತ್ತೇವೆ, ಆ ಬಿಸಿಗೆ ತಿಳಿನೀರಿನ ಪ್ರೋಟೀನೂ ಪನೀರಿಗೇ ಅಂಟಿಕೊಂಡುಬಿಟ್ಟಿರುತ್ತದೆ. ಪನೀರ್ ವಿಷಯದಲ್ಲಿ ಅದು ಲಾಭವೇ. ಇನ್ನು ಪೂರ್ತಿ ಹಾಲಿಗೆ ನಿಂಬೆ ಹಿಂಡಿ, ಒತ್ತದೆ ಮೆತ್ತಗೆ ಬಿಟ್ಟು ‘ಹೋಮ್‌ಮೇಡ್ ರಿಕೊಟ್ಟಾ’ ಅನ್ನುವುದು ನಿಜಕ್ಕೂ ಸಡಿಲ ಪನೀರ್. ಲಸಾನ್ಯಾದೊಳಗೆ ತುಂಬಲು ಅದು ಧಾರಾಳವಾಗಿ ನಡೆಯುತ್ತದೆ.

ಮಸ್ಕರ್ಪೋನೆ ಲೊಂಬಾರ್ದಿಯದು. ಹಾಲಲ್ಲ, ಗಟ್ಟಿ ಕೆನೆಯನ್ನೇ ಕಾಯಿಸಿ, ಹುಳಿ ಬೆರೆಸಿ, ಬಟ್ಟೆಯಲ್ಲಿ ಸೋಸುತ್ತಾರೆ. ರೆನೆಟ್ ಇಲ್ಲ, ಸಸ್ಯಾಹಾರಿಗಳು ನಿಶ್ಚಿಂತೆಯಿಂದ ತಿನ್ನಬಹುದು. ಇದರಿಂದ ಮಾಡುವ ತಿರಾಮಿಸು ಎಂಬ ಸಿಹಿ ತಿನ್ನುವಾಗ ಮಾತ್ರ ನೆನಪಿಡಿ, ಸಾಂಪ್ರದಾಯಿಕ ಪಾಕದಲ್ಲಿ ಹಸಿ ಮೊಟ್ಟೆ ಇರುತ್ತದೆ. ಮಸ್ಕರ್ಪೋನೆ ಹೆಸರಿಗೆ ಚೀಸ್, ಲೆಕ್ಕಕ್ಕೆ ಬೆಣ್ಣೆಯ ಹತ್ತಿರದ ನೆಂಟ.

ಅಂಕಿಗಳು, ಮತ್ತೆ ಅಂಕಿಗಳ ಆಚೆ

100 ಗ್ರಾಂಗೆ ಅಂದಾಜು. ಬ್ರ್ಯಾಂಡಿಂದ ಬ್ರ್ಯಾಂಡಿಗೆ ಸ್ವಲ್ಪ ಆಚೀಚೆ ಆಗುತ್ತದೆ.

| ಚೀಸ್ | ಕ್ಯಾಲೊರಿ | ಪ್ರೋಟೀನು (ಗ್ರಾಂ) | ಕೊಬ್ಬು (ಗ್ರಾಂ) |
|---|---|---|---|
| ಪಾರ್ಮಿಜಾನೊ | 400 | 32 | 30 |
| ಗ್ರಾನಾ ಪದಾನೊ | 400 | 33 | 29 |
| ಬೂಫಲಾ ಮೊಝರೆಲ್ಲಾ | 280 | 16 | 24 |
| ಹಸುವಿನ ತಾಜಾ ಮೊಝರೆಲ್ಲಾ | 250 | 18 | 19 |
| ರಿಕೊಟ್ಟಾ | 150 | 9 | 11 |
| ಮಸ್ಕರ್ಪೋನೆ | 450 | 5–7 | 45 |

ಇಟಲಿಯ ಆಹಾರ ಮಾರ್ಗಸೂಚಿಯಲ್ಲಿ ಒಂದು ಸಲಕ್ಕೆ ತಾಜಾ ಚೀಸ್ 100 ಗ್ರಾಂ, ಮಾಗಿದ ಚೀಸ್ 50 ಗ್ರಾಂ ಅಂತ ಲೆಕ್ಕ. ಅಲ್ಲಿ ಚೀಸ್ ಊಟದ ಮುಖ್ಯ ಪ್ರೋಟೀನು, ನಮ್ಮ ಹಾಗೆ ಮೇಲಲಂಕಾರ ಅಲ್ಲ. 25 ಗ್ರಾಂ ಪಾರ್ಮಿಜಾನೊ ತೆಗೆದುಕೊಳ್ಳಿ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ತುಂಡು. 100 ಕ್ಯಾಲೊರಿಗೆ 8 ಗ್ರಾಂ ಪ್ರೋಟೀನು, ಸುಮಾರು 290 ಮಿಲಿಗ್ರಾಂ ಕ್ಯಾಲ್ಸಿಯಂ ಸಿಕ್ಕಿತು. 200 ಮಿಲಿ ಲೋಟ ಹಾಲಿನಲ್ಲಿ ಸಿಗುವುದು 240ರ ಸುಮಾರು. ಉಪ್ಪು 0.4 ಗ್ರಾಂ, ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಲ್ಲಿ ದೊಡ್ಡ ಹೊರೆಯಲ್ಲ. ತಿರಾಮಿಸುವಿನ ಒಂದು ದೊಡ್ಡ ತುಂಡಿನಲ್ಲಿ 75 ಗ್ರಾಂ ಮಸ್ಕರ್ಪೋನೆ ಇದ್ದರೆ ಅದೊಂದರಿಂದಲೇ ಸುಮಾರು 340 ಕ್ಯಾಲೊರಿ ಹೋಯಿತು.

ಹಾಗಾಗಿ ನನ್ನ ಆಯ್ಕೆ ಹೀಗೆ. ಮೂಳೆ ಗಟ್ಟಿಯಾಗಲಿ, ವಯಸ್ಸಾದವರಿಗೆ ಕಡಿಮೆ ತಿಂದು ಹೆಚ್ಚು ಸಿಗಲಿ ಅಂದರೆ ಗಟ್ಟಿ ಚೀಸ್. ಹೊಟ್ಟೆ ತುಂಬಬೇಕು, ತೂಕ ಏರಬಾರದು, ಉಪ್ಪು ಬೇಡ ಅಂದರೆ ರಿಕೊಟ್ಟಾ. ಪ್ರೋಟೀನಿಗೆ ಅಂತಲೇ ಬೂಫಲಾ ಮೊಝರೆಲ್ಲಾ ಕೊಳ್ಳುವವರಿಗೆ ನಮ್ಮ ಪನೀರೇ ಸಾಕು ಅನ್ನುತ್ತೇನೆ. ಬೆಲೆಯಲ್ಲಿ ಹೋಲಿಕೆಯೇ ಇಲ್ಲ, ಪ್ರೋಟೀನಿನಲ್ಲಿ ಪನೀರ್ ಕಡಿಮೆಯೇನಲ್ಲ.

ಕೆಲವರು ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಮಾಗಿದ ಚೀಸ್‌ನಲ್ಲಿ ಟೈರಮೈನ್ ಎಂಬ ಅಂಶ ಇರುತ್ತದೆ. ಎಂಎಒ ಇನ್‌ಹಿಬಿಟರ್ ಎಂಬ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಬಿಪಿ ಹಠಾತ್ತಾಗಿ ಏರಿಸಬಲ್ಲದು. ಕಿಡ್ನಿ ತೊಂದರೆ ಇರುವವರಿಗೆ ರಂಜಕದ ಲೆಕ್ಕ ಮುಖ್ಯ, ಗಟ್ಟಿ ಚೀಸ್‌ನಲ್ಲಿ ಅದೂ ಜಾಸ್ತಿ. ಬಸುರಿಯರು ಗೊರ್ಗೊನ್‌ಜೋಲಾದಂಥ ನೀಲಿ ಬೂಷ್ಟಿನ ಮೆತ್ತನೆ ಚೀಸನ್ನು, ಪಾಶ್ಚರೀಕರಿಸದ ಹಾಲಿನ ಮೆತ್ತನೆ ಚೀಸನ್ನು ಹಸಿಯಾಗಿ ತಿನ್ನದಿರುವುದು ಒಳ್ಳೆಯದು. ಲಿಸ್ಟೀರಿಯಾ ಸೋಂಕಿನ ಭಯ. ಪಾರ್ಮಿಜಾನೊ ಹಸಿ ಹಾಲಿನದಾದರೂ ಒಣಗಿ, ಮಾಗಿ ಬಂದಿರುವುದರಿಂದ ಆ ಭಯ ತೀರಾ ಕಡಿಮೆ.

ಕೊಳ್ಳುವಾಗ, ಇಡುವಾಗ

ಯುರೋಪಿನ ಒಳಗೆ ‘ಪಾರ್ಮೆಸಾನ್’ ಅಂತ ಬರೆದರೂ ಅದು ಅಸಲಿ ಪಾರ್ಮಿಜಾನೊ ಆಗಿರಲೇಬೇಕು ಅಂತ 2008ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿದೆ. ಹೊರಗಡೆ ಆ ಕಟ್ಟುಪಾಡು ಎಲ್ಲ ಕಡೆ ಇಲ್ಲ. ಅಸಲಿ ಬೇಕೆಂದರೆ ಸಿಪ್ಪೆ ಇರುವ ತುಂಡು ಕೊಳ್ಳಿ, ಸಿಪ್ಪೆ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಒತ್ತಿರುತ್ತದೆ. ಡಬ್ಬಿಯ ಪುಡಿ ಚೀಸಿನಲ್ಲಿ ಗಂಟಾಗದಿರಲು ಸೆಲ್ಯುಲೋಸ್ ಪುಡಿ ಬೆರೆಸಿರುವುದುಂಟು. ಅಪಾಯವಿಲ್ಲ, ರುಚಿಯೂ ಇಲ್ಲ.

ತಾಜಾ ಚೀಸ್ ಮಾತ್ರ ದೂರದಿಂದ ಬಂದಷ್ಟೂ ಸೊರಗುತ್ತದೆ. ಬೂಫಲಾವನ್ನು ಇಟಲಿಯಲ್ಲಿ ಮಾಡಿದ ದಿನವೇ, ಫ್ರಿಜ್ಜಿಗೂ ಇಡದೆ ತಿನ್ನುತ್ತಾರೆ. ಹಾಗಾಗಿ ಮೊಝರೆಲ್ಲಾ, ಬುರಾಟಾ, ಮಸ್ಕರ್ಪೋನೆ ಇಲ್ಲೇ ಮಾಡಿದ್ದನ್ನೇ ಕೊಳ್ಳಿ. ಬೆಂಗಳೂರಿನಲ್ಲಿ ವಲ್ಲೊಂಬ್ರೋಸಾ ಪಂಥದ ಬೆನೆಡಿಕ್ಟೈನ್ ಸನ್ಯಾಸಿಗಳು ಇಟಲಿಯಲ್ಲಿ ಕಲಿತು ಬಂದು ಈ ಚೀಸ್‌ಗಳನ್ನು ಮಾಡಿ ಮಾರಿ ಹೆಸರಾಗಿದ್ದಾರೆ. ಪಾರ್ಮಿಜಾನೊ ಕಥೆಯೂ ಮಧ್ಯಯುಗದ ಮಠಗಳಿಂದಲೇ ಶುರುವಾಗಿದ್ದು. ಗಟ್ಟಿ ಚೀಸ್ ಆದರೆ ಎಷ್ಟು ದೂರದಿಂದ ಬಂದರೂ ಚಿಂತೆಯಿಲ್ಲ.

ಮೊಝರೆಲ್ಲಾವನ್ನು ಅದು ಬಂದ ನೀರಿನಲ್ಲೇ ಇಡಿ, ತಿನ್ನುವ ಅರ್ಧ ಗಂಟೆ ಮುಂಚೆ ಫ್ರಿಜ್ಜಿಂದ ತೆಗೆಯಿರಿ. ಪಾರ್ಮಿಜಾನೊ, ಗ್ರಾನಾ ತುಂಡನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಡಿ, ಬೇಕಾದಾಗ ಬೇಕಾದಷ್ಟೇ ತುರಿಯಿರಿ. ತುರಿದು ಮುಗಿದ ಮೇಲೆ ಸಿಪ್ಪೆ ಎಸೆಯಬೇಡಿ. ಅದಕ್ಕೆ ಮೇಣ ಬಳಿದಿರುವುದಿಲ್ಲ, ಒಣಗಿದ ಚೀಸೇ ಅದು. ಹೊರಮೈ ಕೆರೆದು ತೊಳೆದು, ತರಕಾರಿ ಸೂಪ್ ಕುದಿಯುವಾಗ ಒಂದು ತುಂಡು ಹಾಕಿದರೆ ಬೇರೆ ಸೂಪ್ ಕ್ಯೂಬ್ ಬೇಕಾಗುವುದಿಲ್ಲ.